ಡಚ್ಚರ ಸಿಂಹ, ನಮ್ಮ ನರಸಿಂಹ

ಹುಣಸೆಹಣ್ಣಿನ ಪ್ಯಾಕೆಟ್ ನೋಡಿ ನಾಚಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ನಿಮ್ಮ ಪಕ್ಕದಲ್ಲಿ ನಾನೂ ಬಂದು ಕೂರುತ್ತೇನೆ. ಮೊನ್ನೆ ಇಲ್ಲಿ ಕೆನಡಾದಲ್ಲಿ, ನಮ್ಮ ಪಿಕರಿಂಗಿನ ಇಂಡಿಯನ್ ಸ್ಟೋರಿನಲ್ಲಿ ಎರಡು ಕೊಂಡರೆ ಒಂದು ಫ್ರೀ ಎಂದು ಬೀಜ ತೆಗೆದ ಹುಣಸೆಹಣ್ಣನ್ನು ರಾಶಿ ಹಾಕಿದ್ದರು. ಒಂದು ಸಾರಿಗೆ, ಒಂದು ಗೊಜ್ಜಿಗೆ, ಇನ್ನೊಂದು ದೇವರ ಪಾತ್ರೆಗೆ ಎಂದುಕೊಳ್ಳುತ್ತ ಕೈ ನೀಡಿದವಳು ಮೂರನೆಯ ಪ್ಯಾಕೆಟ್ಟಿನ ಬಳಿ ಹಾಗೇ ನಿಂತುಬಿಟ್ಟೆ. ಅಂಗಡಿಯ ಪಂಜಾಬಿ ಹೆಂಗಸಿಗೆ ಏನನ್ನಿಸಿತೋ, "ಲೇ ಲೋ ಆಂಟೀಜಿ, ಏಕ್‌ದಮ್ ಸ್ಟ್ರಾಂಗ್ ಹೈ" ಎಂದಳು. "ಅದೇ ಪ್ರಾಬ್ಲಮ್ಮು" ಎಂದು ಕನ್ನಡದಲ್ಲಿ ಗೊಣಗಿಕೊಂಡು ಎರಡನ್ನೇ ತಂದೆ. ಫ್ರೀ ಸಿಕ್ಕಿದ್ದನ್ನು ಬಿಟ್ಟು ಬಂದ ಮೊದಲ ಉಡುಪಿಯವಳು ನಾನೇ ಇರಬೇಕು.

ಬೆಳ್ಳಿಯನ್ನು ಹುಣಸೆಹುಳಿಯಲ್ಲಿ ತಿಕ್ಕುವುದನ್ನು ನಮ್ಮ ಕಡೆಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಊರಲ್ಲಿ ಹುಳಿಯ ಜೊತೆಗೆ ಒಲೆಯ ಬೂದಿ. ಇಲ್ಲಿ ಒಲೆಯೇ ಇಲ್ಲ, ಬೂದಿ ಎಲ್ಲಿಂದ ಬರಬೇಕು? ಅದರ ಬದಲು ಹಲ್ಲುಪುಡಿ. ಮದುವೆಯಾದಂದಿನಿಂದ ಶನಿವಾರ ಬೆಳಿಗ್ಗೆ ಎಂದರೆ ನನಗೆ ದೀಪ, ಆರತಿ, ಪಂಚಪಾತ್ರೆ, ಉದ್ಧರಣೆ, ಎಲ್ಲಕ್ಕಿಂತ ಕೊನೆಗೆ ದೇವರು. ದೇವರು ಅಂದರೆ ವಿಗ್ರಹವಲ್ಲ, ಒಂದು ನಾಣ್ಯ.

ಅದನ್ನು ನಿಮಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಹಳೆಯ ಬೆಳ್ಳಿ ರೂಪಾಯಿಗಿಂತ ಅಗಲ, ಆದರೆ ತೆಳು. ಸರಿಯಾಗಿ ದುಂಡಗೂ ಇಲ್ಲ. ಅವಸರದಲ್ಲಿ ಲಟ್ಟಿಸಿದ ಪೂರಿಯ ಹಾಗೆ ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಒಂದು ಮುಖದಲ್ಲಿ ಹಿಂಗಾಲ ಮೇಲೆ ಎದ್ದು ನಿಂತ ಸಿಂಹ, ನಾಲಿಗೆ ಹೊರಗೆ, ಬಾಲ ಮೇಲಕ್ಕೆ. ಇನ್ನೊಂದು ಮುಖದಲ್ಲಿ ಕವಚ ತೊಟ್ಟ ಒಬ್ಬ ಗಂಡಸು, ಅವನ ಮುಂದೆ ಒಂದು ಗುರಾಣಿ, ಗುರಾಣಿಯ ಮೇಲೆ ಮತ್ತೆ ಸಿಂಹ. ಮದುವೆಯಾದ ಹೊಸತರಲ್ಲಿ ನಮ್ಮತ್ತೆ ಅದನ್ನು ನನ್ನ ಅಂಗೈಯಲ್ಲಿಟ್ಟು ಪಾಠ ಮಾಡಿದ್ದರು: "ನೋಡು, ಇವ ಹಿರಣ್ಯಕಶಿಪು. ಇದು ಕಂಬ. ಕಂಬದಿಂದ ಹೊರಗೆ ಬರ್ತಾ ಉಂಟಲ್ಲ, ಅದು ನರಸಿಂಹ ದೇವರು. ಈಗ ತಿರುಗಿಸು. ಹಾಂ, ಪೂರ್ತಿ ಬಂದಾಯ್ತು!"

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಂಚಿನ ಸುತ್ತ ಅಕ್ಷರಗಳು ಕಂಡವು. "ಅತ್ತೆ, ಇದರಲ್ಲಿ ಇಂಗ್ಲಿಷ್ ಅಕ್ಷರ ಉಂಟಲ್ಲ?" ಎಂದೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ದೇವರಿಗೆ ಎಲ್ಲ ಭಾಷೆ ಬರ್ತದೆ" ಎಂದರು. ಅಲ್ಲಿಗೆ ಮುಗಿಯಿತು. ಅದು ಇಂಗ್ಲಿಷಲ್ಲ, ಲ್ಯಾಟಿನ್ ಎಂದು ನನಗೆ ಆಗಲೇ ಅನುಮಾನ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಸಿಸ್ಟರ್ ಅಪೊಲೋನಿಯಾ ನಮಗೆ ಅರ್ಥವಾಗದ ಲ್ಯಾಟಿನ್ ಹಾಡುಗಳನ್ನು ಹಾಡಿಸುತ್ತ, ಹಾಡುವಾಗಲೇ ನಮ್ಮ ಉಗುರು ಪರೀಕ್ಷೆ ಮಾಡುತ್ತ ಸಾಲಿನ ನಡುವೆ ಓಡಾಡುತ್ತಿದ್ದರು. ನನ್ನ ಲ್ಯಾಟಿನ್ ಪಾಂಡಿತ್ಯವೆಲ್ಲ ಉಗುರಿನ ಭಯದಲ್ಲಿ ಕಲಿತದ್ದು. ಅಷ್ಟರಲ್ಲೇ "ದೇವರನ್ನು ನಂಬಿದವನು ಅಲುಗಾಡುವುದಿಲ್ಲ" ಎನ್ನುವ ಅರ್ಥ ಹೊರಡಿಸಿದೆ. ಅತ್ತೆಗೆ ಹೇಳಲಿಲ್ಲ, ನನಗೆ ಸಿಸ್ಟರ್ ಮೇಲಿದ್ದ ಭಯದ ಎರಡರಷ್ಟು ಅವರ ಮೇಲಿತ್ತು.

ನಾಣ್ಯ ಮನೆಗೆ ಬಂದದ್ದು ಹೇಗೆ ಎಂಬುದಕ್ಕೆ ಆ ಮನೆಯಲ್ಲಿ ಮೂರು ಕಥೆಗಳಿದ್ದವು. ಅತ್ತೆಯ ಕಥೆಯಲ್ಲಿ ಯಾರೋ ಹಿರಿಯರಿಗೆ ಕನಸು ಬಿದ್ದು, ಬಾವಿ ತೋಡಿಸಿದಾಗ ಸಿಕ್ಕಿದ್ದು. ಮಾವನ ಕಥೆಯಲ್ಲಿ ಬಸ್ರೂರಿನ ಒಬ್ಬ ವ್ಯಾಪಾರಿ ಮುಹೂರ್ತ ಇಟ್ಟುಕೊಟ್ಟ ಭಟ್ಟರಿಗೆ, ಎಂದರೆ ನಮ್ಮ ಹಿರಿಯರಿಗೆ, ದಕ್ಷಿಣೆ ಕೊಟ್ಟದ್ದು. ನಮ್ಮವರ ಕಥೆ ಎಲ್ಲಕ್ಕಿಂತ ಚಿಕ್ಕದು: "ಯಾರೋ ಎಲ್ಲಿಂದಲೋ ಎಗರಿಸಿದ್ದಾರೆ. ಪುಣ್ಯಕ್ಕೆ ದೇವರು ಮಾಡಿದ್ದಾರೆ, ಯಾರೂ ಕೇಳುವ ಹಾಗಿಲ್ಲ."

ಅತ್ತೆ ಮಾವ ತೀರಿಕೊಂಡ ಮೇಲೆ ನಾಣ್ಯ ನಮ್ಮವರ ಸೂಟ್‌ಕೇಸಿನಲ್ಲಿ ಕೆನಡಾಕ್ಕೆ ಬಂತು. ಅವರು ಮತ್ತು ಅವರ ತಂಗಿ ವಸಂತಿ, ಇಬ್ಬರೇ ಮಕ್ಕಳು. ಇಬ್ಬರೂ ಇಲ್ಲೇ. ಆದ್ದರಿಂದ ಪೂಜೆಗೆ ಪಾಳಿ ಮಾಡಿಕೊಂಡೆವು. ನರಸಿಂಹ ಜಯಂತಿಯಿಂದ ನರಸಿಂಹ ಜಯಂತಿಗೆ ಒಂದು ವರ್ಷ ಪಿಕರಿಂಗಿನ ನಮ್ಮ ಮನೆ, ಮುಂದಿನ ವರ್ಷ ಬರ್ಲಿಂಗ್ಟನ್ನಿನ ವಸಂತಿಯ ಮನೆ. ಕೆಂಪು ಪಟ್ಟೆಬಟ್ಟೆಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಎರಡೂ ಊರುಗಳು ದಡದಲ್ಲಿರುವ ದೊಡ್ಡ ಸರೋವರದ ಈ ತುದಿಯಿಂದ ಆ ತುದಿಗೆ ದೇವರು ಪ್ರಯಾಣ ಮಾಡುತ್ತಿದ್ದರು. ನಮ್ಮವರು ತೀರಿಹೋದ ಮೇಲೂ ಪಾಳಿ ನಿಲ್ಲಲಿಲ್ಲ. ನಿಲ್ಲಿಸುವ ಮಾತನ್ನು ವಸಂತಿಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ದೇಶದಲ್ಲಿ ಎಲ್ಲರಿಗೂ ನಾನು ಆಂಟಿ. ಅತ್ತಿಗೆ ಎಂದು ಕರೆಯುವವಳು ಅವಳೊಬ್ಬಳೇ. ಅದು ಎಷ್ಟು ದೊಡ್ಡದು ಎಂದು, ಅದನ್ನು ಕಳೆದುಕೊಳ್ಳುವ ಹೊತ್ತು ಬಂದಾಗಲೇ ನನಗೆ ಗೊತ್ತಾದದ್ದು.

ಇನ್ನು ನನ್ನ ಗುಣದ ವಿಷಯ. ಇಪ್ಪತ್ತಾರು ವರ್ಷ ಒಂದು ದೊಡ್ಡ ಬಟ್ಟೆ ಅಂಗಡಿಯ ರಿಟರ್ನ್ಸ್ ಕೌಂಟರಿನಲ್ಲಿ ನಿಂತವಳು ನಾನು. ಜನ ಕೊಂಡದ್ದನ್ನು ವಾಪಸ್ಸು ತರುತ್ತಾರೆ. ನಾನು ತೆಗೆದುಕೊಳ್ಳಬೇಕು, ಇಲ್ಲವೆನ್ನಬೇಕು. ಶುಕ್ರವಾರ ಕೊಂಡು, ಶನಿವಾರ ಪಾರ್ಟಿಗೆ ತೊಟ್ಟು, ಟ್ಯಾಗನ್ನು ಒಳಗೆ ಮಡಿಚಿಟ್ಟುಕೊಂಡು, ಸೋಮವಾರ "ಫಿಟ್ ಆಗಲಿಲ್ಲ" ಎಂದು ತರುವ ಗೌನುಗಳ ಕಂಕುಳು ಮೂಸಿ ನೋಡುವುದು ನನ್ನ ವೃತ್ತಿ. ಇದನ್ನು ಹೇಳಲು ನನಗೇನೂ ಸಂಕೋಚವಿಲ್ಲ; ಅದೇ ಮೂಗು ನಮ್ಮ ಮಾರ್ಟ್‌ಗೇಜು ತೀರಿಸಿದೆ. ಆ ಕೌಂಟರಿನಲ್ಲಿ ಕಲಿತ ಮೊದಲ ನಿಯಮ ಹೀಗೆ: ಯಾವ ಗಿರಾಕಿ ಡಿಸೆಂಬರಿನಲ್ಲಿ ನಿನಗೆ ಚಾಕಲೇಟ್ ಡಬ್ಬಿ ಕೊಡುತ್ತಾಳೋ, ಅವಳು ಜನವರಿಯಲ್ಲಿ ತೊಟ್ಟು ಹರಿದ ಗೌನು ತರುತ್ತಾಳೆ.

2016ರ ಮೇ ತಿಂಗಳಲ್ಲಿ ದೇವರನ್ನು ವಸಂತಿಗೆ ಒಪ್ಪಿಸಿದೆ. ಆ ಚಳಿಗಾಲದಲ್ಲಿ ನನ್ನ ಎರಡೂ ಕಣ್ಣಿಗೆ ಕ್ಯಾಟರಾಕ್ಟ್ ಆಪರೇಷನ್ ಆಯಿತು. ಹೊಸ ಕಣ್ಣು ಬಂದದ್ದೇ ತಡ, ಕಾಣಬಾರದ್ದೆಲ್ಲ ಕಾಣತೊಡಗಿತು: ಸ್ಟೌವಿನ ಹಿಂದಿನ ಜಿಡ್ಡು, ಕನ್ನಡಿಯಲ್ಲಿ ನಮ್ಮಮ್ಮನ ಮುಖ. 2017ರ ಮೇ ತಿಂಗಳಲ್ಲಿ ದೇವರು ತಿರುಗಿ ನನ್ನ ಮನೆಗೆ ಬಂದರು. ಶನಿವಾರ ಹುಳಿ ಹಚ್ಚಿ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದೆ.

ಸಿಂಹದ ಎದೆ ಕೆಂಪಗಿತ್ತು.

ಮೊದಲು ಕುಂಕುಮ ಎಂದುಕೊಂಡೆ. ಇನ್ನೊಮ್ಮೆ ತಿಕ್ಕಿದೆ, ಇನ್ನಷ್ಟು ಕೆಂಪಾಯಿತು. ತಾಮ್ರ! ಬೆಳ್ಳಿಯ ದೇವರ ಎದೆಯಲ್ಲಿ ತಾಮ್ರ ಎಲ್ಲಿಂದ ಬಂತು? ನಾನು ಕೊಟ್ಟಾಗ ಅಪ್ಪಟ ಬೆಳ್ಳಿ. ವಾಪಸ್ಸು ಬಂದದ್ದು ಇದು. ಇಪ್ಪತ್ತಾರು ವರ್ಷದ ಸರ್ವೀಸು ಒಂದೇ ಕ್ಷಣದಲ್ಲಿ ಎದ್ದು ಕುಳಿತಿತು: ಸ್ವಿಚ್. ಒಳ್ಳೆಯದನ್ನು ಇಟ್ಟುಕೊಂಡು ಡೂಪ್ಲಿಕೇಟ್ ರಿಟರ್ನ್ ಮಾಡುವುದು. ನಮ್ಮ ಕೌಂಟರಿನಲ್ಲಿ ಅದಕ್ಕೆ ಬೇರೆಯೇ ಫಾರ್ಮ್ ಇತ್ತು.

ಛೆ, ವಸಂತಿ! ನಾನು ಮದುವೆಯಾಗಿ ಬಂದಾಗ ಎರಡು ಜಡೆ ಹಾಕಿಕೊಂಡು ನನ್ನ ಪೆಟ್ಟಿಗೆಯಿಂದ ಪೌಡರ್ ಕದ್ದು ಬಳಿದುಕೊಳ್ಳುತ್ತಿದ್ದ ಹುಡುಗಿ. ನೋಡಿ, ಈ ಪೌಡರಿನ ಸಂಗತಿ ಎಷ್ಟೋ ದಶಕಗಳಿಂದ ನನಗೆ ನೆನಪಾಗಿರಲಿಲ್ಲ. ಆ ದಿನ ಸರಿಯಾಗಿ ನೆನಪಾಯಿತು. ಅನುಮಾನಕ್ಕೆ ಇರುವಷ್ಟು ನೆನಪಿನ ಶಕ್ತಿ ಪ್ರೀತಿಗೆ ಇಲ್ಲ.

ಆಮೇಲೆ ಹೊಳೆದದ್ದು ಉಡುಗೊರೆಗಳು. ವಸಂತಿ ಕೈಬಿಗಿ ಹೆಂಗಸು. ಟೀ ಬ್ಯಾಗನ್ನು ಎರಡು ಸಲ ಅದ್ದುವವಳು. ಅಂಥವಳು ಒಂದು ವರ್ಷದಿಂದ, ಸರಿಯಾಗಿ ಪಾಳಿ ಅವಳ ಮನೆಗೆ ಹೋದಂದಿನಿಂದ, ಬಂದಾಗಲೆಲ್ಲ ಏನಾದರೊಂದು ಹೊತ್ತು ತರುತ್ತಿದ್ದಳು. ಕುಚ್ಚಿಲಕ್ಕಿಯ ಚೀಲ. ತೆಂಗಿನೆಣ್ಣೆಯ ಡಬ್ಬ. ಒಮ್ಮೆ ಒಳ್ಳೆಯ ಉಣ್ಣೆಯ ಕೋಟು: "ಸೇಲಲ್ಲಿ ಸಿಕ್ಕಿತು ಅತ್ತಿಗೆ, ನನಗೆ ಟೈಟ್ ಆಗ್ತದೆ." ಟ್ಯಾಗಿರಲಿಲ್ಲ, ರಸೀದಿ ಇರಲಿಲ್ಲ. ಆಗ ಸಂತೋಷದಿಂದ ತೊಟ್ಟುಕೊಂಡಿದ್ದೆ. ಈಗ ಕ್ಲಾಸೆಟ್ಟಿನಲ್ಲಿ ನೇತಾಡುತ್ತಿದ್ದ ಅದನ್ನು ನೋಡಿದರೆ ಚಾಕಲೇಟ್ ಡಬ್ಬಿ ನೋಡಿದಂತಾಯಿತು.

ಕೇಳಿಬಿಡಬಹುದಿತ್ತು. ಆದರೆ "ವಸಂತಿ, ನೀನು ದೇವರನ್ನು ಮಾರಿದೆಯಾ?" ಎಂದು ಕೇಳಿದ ಮೇಲೆ, ಉತ್ತರ ಹೌದಾದರೂ ಅಲ್ಲವಾದರೂ, ಆ ಬಾಯಿಂದ ಮತ್ತೆ ಅತ್ತಿಗೆ ಎಂಬ ಶಬ್ದ ಬರುವುದುಂಟೇ? ಕೇಳದಿದ್ದರೆ ದಿನಾ ಬೆಳಿಗ್ಗೆ ತಾಮ್ರದ ಬಿಲ್ಲೆಗೆ ಗಂಧ ಹಚ್ಚಿ ಕೈಮುಗಿಯಬೇಕು. ಎರಡೂ ಆಗದೆ ಮೂರನೆಯದನ್ನು ಮಾಡಿದೆ. ಸುತ್ತಿ ಬಳಸಿ ಕೆದಕುವುದು. ಶನಿವಾರ ಸಂಜೆ ನಾವು ಫೋನಿನಲ್ಲಿ ಮಾತಾಡುವುದು ರೂಢಿ.

"ವಸಂತಿ, ದೇವರನ್ನು ನೀನು ಎಂತದ್ರಲ್ಲಿ ತೊಳೀತಿದ್ದಿ?"

ಆ ಕಡೆ ಟಿವಿಯ ದನಿ ತಗ್ಗಿತು. "ನೀವು ತೊಳೆದ ಹಾಗೇ, ಅತ್ತಿಗೆ. ಯಾಕೆ?"

"ಸುಮ್ಮನೆ. ಸ್ವಲ್ಪ ಬಣ್ಣ ಬೇರೆ ಕಾಣ್ತದೆ."

"ಹೌದಾ. ನಿಮಗೆ ಆಪರೇಷನ್ ಆಗಿದೆಯಲ್ಲ, ಎಲ್ಲ ಬೇರೆಯೇ ಕಾಣ್ತದೆ. ಅದು ಬಿಡಿ, ಅಕ್ಕಿ ಮುಗೀತಾ? ಮುಂದಿನ ವಾರ ತರ್ತೇನೆ."

ಅಕ್ಕಿ! ನಾನು ಬಣ್ಣ ಎಂದರೆ ಅವಳು ಅಕ್ಕಿ ಎನ್ನುತ್ತಾಳೆ. ಫೋನಿಟ್ಟು, ಇನ್ನು ಸಾಕ್ಷಿ ಬೇಕು ಎಂದು ನಿಶ್ಚಯ ಮಾಡಿದೆ.

ಲೈಬ್ರರಿಗೆ ಹೋಗಿ, ಕಂಪ್ಯೂಟರಿನ ಮುಂದೆ ಕೂತು, ಕಾಯಿನ್, ನೈಟ್, ಶೀಲ್ಡ್, ಲಯನ್ ಎಂದು ಒಂದೊಂದೇ ಅಕ್ಷರ ಕುಟ್ಟಿದೆ. ಥಟ್ಟನೆ ನಮ್ಮ ದೇವರು ಪರದೆಯ ಮೇಲೆ ಪ್ರತ್ಯಕ್ಷರಾದರು. ಒಬ್ಬರಲ್ಲ, ನಲವತ್ತು ಮಂದಿ, ಸಾಲಾಗಿ! ಪಬ್ಲಿಕ್ ಲೈಬ್ರರಿ ಎಂಬುದನ್ನೂ ಮರೆತು ಕೈಮುಗಿದುಬಿಟ್ಟೆ.

ಲಯನ್ ಡಾಲರ್ ಎಂದು ಅದರ ಹೆಸರು. ಡಚ್ಚರು ಸ್ಪೇನಿನ ದೊರೆಯ ವಿರುದ್ಧ ಎದ್ದು ನಿಂತ ಕಾಲದಲ್ಲಿ, 1575ರಲ್ಲಿ, ಅಚ್ಚು ಹಾಕಲು ತೊಡಗಿದ ಬೆಳ್ಳಿಯ ನಾಣ್ಯ. ಡಾಲರ್ ಎನ್ನುವ ಹೆಸರು ಹುಟ್ಟಿದ್ದು ಬೊಹೀಮಿಯದ ಒಂದು ಕಣಿವೆಯಲ್ಲಂತೆ. ಅಲ್ಲಿಯ ಗಣಿಯ ಬೆಳ್ಳಿಯಿಂದ ಮಾಡಿದ ದೊಡ್ಡ ನಾಣ್ಯಕ್ಕೆ ಜರ್ಮನರು ಕಣಿವೆಯದು ಎನ್ನುವ ಅರ್ಥದಲ್ಲಿ ಥಾಲರ್ ಎಂದರು. ಡಚ್ಚರು ಅದನ್ನು ಡಾಲ್ಡರ್ ಮಾಡಿದರು. ಇಂಗ್ಲಿಷಿನವರು ಡಾಲರ್ ಮಾಡಿದರು. ನನ್ನ ಪರ್ಸಿನಲ್ಲಿ ನೀರುಹಕ್ಕಿಯ ಚಿತ್ರ ಹೊತ್ತು ಕೂತ ಕೆನಡಾದ ಡಾಲರಿಗೂ ನಮ್ಮ ನರಸಿಂಹನಿಗೂ ಹೀಗೆ ದೂರದ ನೆಂಟಸ್ತಿಕೆ.

ಡಚ್ಚರು ವ್ಯಾಪಾರದಲ್ಲಿ ನಮ್ಮ ವಸಂತಿಗಿಂತ ಜಾಣರು. ಈ ನಾಣ್ಯಕ್ಕೆ ನಾಲ್ಕರಲ್ಲಿ ಮೂರು ಪಾಲು ಮಾತ್ರ ಬೆಳ್ಳಿ ಹಾಕಿ, ಹೆಚ್ಚು ಬೆಳ್ಳಿಯ ನಾಣ್ಯಗಳನ್ನು ತಮ್ಮಲ್ಲೇ ಇಟ್ಟುಕೊಂಡು, ಇದನ್ನು ಹಡಗು ತುಂಬ ಹೊರದೇಶಕ್ಕೆ ಸಾಗಿಸಿದರು. ತುರ್ಕರ ಸೀಮೆಯಲ್ಲಿ ಸಿಂಹದ್ದೇ ಬೇಕು ಎಂದು ಕೇಳಿ ಪಡೆಯುತ್ತಿದ್ದರಂತೆ. ಅರಬರಿಗೆ ಮಾತ್ರ ಆ ಸವೆದ ಚಿತ್ರ ಸಿಂಹದ ಹಾಗೆ ಕಾಣಲಿಲ್ಲ. ನಾಣ್ಯಕ್ಕೆ ನಾಯಿಯಪ್ಪ ಎಂದು ಹೆಸರಿಟ್ಟರು. ಅದನ್ನು ಓದಿ ಒಂದು ಗಳಿಗೆ ಕಣ್ಣು ಮುಚ್ಚಿದೆ. ಎಷ್ಟು ವರ್ಷದ ಗಂಧ, ಎಷ್ಟು ವರ್ಷದ ತುಳಸಿ! ಅದೇ ಡಚ್ಚರು ಅಕ್ಕಿಗೂ ಮೆಣಸಿಗೂ ನಮ್ಮ ಬಸ್ರೂರಿಗೂ ಬಂದಿದ್ದರು ಎಂಬುದನ್ನು ಓದಿದಾಗ ಮಾವನ ಕಥೆಯ ವ್ಯಾಪಾರಿಗೆ ಸ್ವಲ್ಪ ಜೀವ ಬಂತು.

ಅದರ ಕೆಳಗೆ, ಈ ನಾಣ್ಯವನ್ನು ಆ ಕಾಲದಲ್ಲೇ ಎಲ್ಲೆಲ್ಲಿ ಯಾರು ಯಾರು ನಕಲು ಮಾಡುತ್ತಿದ್ದರು ಎಂದು ಉದ್ದಕ್ಕೆ ಬರೆದಿತ್ತು. ನಾನು ಅದನ್ನು ಓದಲಿಲ್ಲ. ಯಾಕೆಂದರೆ ಅದಕ್ಕೂ ಕೆಳಗೆ ಬೆಲೆ ಇತ್ತು. ಕೆಲವು ಅಪರೂಪದ ವರ್ಷದವಕ್ಕೆ ಸಾವಿರಗಟ್ಟಲೆ ಡಾಲರು. ಓಹೋ, ಎಂದುಕೊಂಡೆ. ಕುಚ್ಚಿಲಕ್ಕಿ ಎಲ್ಲಿಂದ ಬರುತ್ತದೆ ಎಂದು ಗೊತ್ತಾಯಿತು.

ಯೂನಿಯನ್‌ವಿಲ್ಲಿನ ಹಳೆಯ ಬೀದಿಯಲ್ಲಿ, ಒಂದು ಆ್ಯಂಟಿಕ್ ಅಂಗಡಿಯ ಹಿಂಭಾಗದ ಕೋಣೆಯಲ್ಲಿ ಯುರೋಪಿನ ಹಳೆಯ ನಾಣ್ಯಗಳನ್ನು ನೋಡಿ ಹೇಳುವವರೊಬ್ಬರಿದ್ದಾರೆ ಎಂದು ತಿಳಿಯಿತು. ಅಕ್ಟೋಬರಿನ ಒಂದು ದಿನ, ಹೈವೇ ಹತ್ತದೆ, ಒಳರಸ್ತೆಗಳಲ್ಲೇ, ಹಿಂದಿನವರು ಹಾರ್ನ್ ಹೊಡೆದರೂ ಲಕ್ಷ್ಯ ಕೊಡದೆ, ಕಾರು ಓಡಿಸಿಕೊಂಡು ಹೋದೆ. ಅಲ್ಲಿದ್ದವರು ನನ್ನಷ್ಟೇ ವಯಸ್ಸಿನ ಮುದುಕ, ರೊಮೇನಿಯಾದವರು, ಕಾರ್ಡಿಗನ್ನಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ಕೆಂಪು ಬಟ್ಟೆ ಬಿಚ್ಚಿ ನಾಣ್ಯ ಮುಂದಿಟ್ಟೆ. ಅವರ ಮುಖ ಅರಳಿತು.

"ಆಹ್, ಲೇಉ!" ಎಂದರು. ಅವರ ಭಾಷೆಯಲ್ಲಿ ಲೇಉ ಎಂದರೆ ಸಿಂಹವಂತೆ. ಈ ನಾಣ್ಯ ಅವರ ಊರುಗಳಲ್ಲಿ ಎಷ್ಟು ಓಡಾಡಿತ್ತೆಂದರೆ ಇವತ್ತಿಗೂ ಅವರ ದೇಶದ ದುಡ್ಡಿಗೆ ಅದೇ ಹೆಸರು. ಆಮೇಲೆ ಕಣ್ಣಿಗೆ ಭೂತಗನ್ನಡಿ ಏರಿಸಿ, ಸಿಂಹದ ಎದೆ ನೋಡಿ, ಭೂತಗನ್ನಡಿ ಇಳಿಸಿದರು. "ಮೇಡಂ, ದಿಸ್ ಲಯನ್, ಐ ನೋ ಹಿಮ್. ಹೀ ಕೇಮ್ ಲಾಸ್ಟ್ ಇಯರ್. ವಿತ್ ಅನದರ್ ಲೇಡಿ. ರೆಡ್ ಕೋಟ್, ಡೈಮಂಡ್ ಇನ್ ದ ನೋಸ್."

ಸಿಕ್ಕಿಬಿದ್ದಳು! "ಮಾರಲು ಬಂದಿದ್ದಳಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ನೋ, ನೋ. ಇದು ರಿಯಲ್ಲಾ ಎಂದು ಕೇಳಿದರು. ಮೇಲೆ ಬೆಳ್ಳಿಯ ಹೊದಿಕೆ, ಒಳಗೆ ಕಾಪರ್ ಎಂದೆ. ಎತ್ತಿಕೊಂಡು ಹೋಗಿಯೇಬಿಟ್ಟರು. ಐ ವಾಸ್ ಇನ್ ದ ಮಿಡಲ್ ಆಫ್ ಮೈ ಸೆಂಟೆನ್ಸ್!" ವರ್ಷವಾದರೂ ಆ ಅವಮಾನ ಅವರಿಗೆ ಹೋಗಿರಲಿಲ್ಲ.

"ಸೆಂಟೆನ್ಸಿನ ಉಳಿದ ಅರ್ಧ ಏನು?"

ಅದನ್ನು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದವರಂತೆ ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನಕಲಿಯೇ, ಆದರೆ ಇವತ್ತಿನದಲ್ಲ, ನಿನ್ನೆಯದಲ್ಲ. ಅಸಲಿ ನಾಣ್ಯ ಓಡಾಡುತ್ತಿದ್ದ ಕಾಲದಲ್ಲೇ ಯಾವನೋ ನುರಿತ ಕಳ್ಳ ತಾಮ್ರದ ಬಿಲ್ಲೆಗೆ ತೆಳು ಬೆಳ್ಳಿ ಹೊದಿಸಿ ಅಚ್ಚು ಹೊಡೆದದ್ದು. ಸಣ್ಣ ತಕ್ಕಡಿಯಲ್ಲಿ ತೂಗಿ, ಅಸಲಿಗಿಂತ ಎಷ್ಟು ಹಗುರ ಎಂದು ತೋರಿಸಿದರು. "ಒಳ್ಳೆಯ ಲಯನ್ ಡಾಲರ್ ನನ್ನ ಹತ್ತಿರ ಒಂದು ಟ್ರೇ ತುಂಬ ಇದೆ. ಇಷ್ಟು ಒಳ್ಳೆಯ ಕಳ್ಳತನ ಅಪರೂಪ." ಆಮೇಲೆ ಅನುಮಾನದಿಂದ ನನ್ನನ್ನೇ ನೋಡಿದರು. "ಬಟ್ ಸಮ್‌ಬಡಿ ಹ್ಯಾಸ್ ಬೀನ್ ಸ್ಕ್ರಬ್ಬಿಂಗ್ ಹಿಮ್. ಒಂದು ದಿನ ಎರಡು ದಿನ ಅಲ್ಲ. ನೂರಾರು ವರ್ಷ. ಹುಳಿ ಹಾಕಿ. ವೈ?"

"ಟ್ಯಾಮರಿಂಡ್," ಎಂದೆ. ದನಿ ಸಣ್ಣಗಾಯಿತು. "ಹೀ ಈಸ್ ಗಾಡ್."

ಅವರು ನಗಲಿಲ್ಲ. ಕನ್ನಡಕ ತೆಗೆದು ಕಾರ್ಡಿಗನ್ನಿನ ಅಂಚಿನಿಂದ ಒರೆಸಿದರು. ತಮ್ಮ ಊರಿನ ಚರ್ಚಿನಲ್ಲಿ ಒಂದು ಚಿತ್ರಪಟವಿತ್ತು, ಅದಕ್ಕೆ ಮುತ್ತಿಟ್ಟು ಮುತ್ತಿಟ್ಟೇ ಜನ ಸಂತನ ಮುಖ ಅಳಿಸಿಬಿಟ್ಟಿದ್ದರು ಎಂದರು. ನೋಡಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಕಾರಿನಲ್ಲಿ ಬಂದು ಕೂತೆ. ಬಾವಿಯ ಕನಸೆಲ್ಲ ಸುಳ್ಳು, ಮಾವನ ಕಥೆಯೇ ನಿಜ ಎಂದು ಮೊದಲು ಹೊಳೆಯಿತು. ದಕ್ಷಿಣೆಗೆ ಒಳ್ಳೆಯ ನಾಣ್ಯ ಯಾವ ವ್ಯಾಪಾರಿ ಕೊಡುತ್ತಾನೆ? ಎಲ್ಲೂ ನಡೆಯದ್ದನ್ನು ಭಟ್ಟರ ತಟ್ಟೆಗೆ ಹಾಕಿದ್ದಾನೆ. ಭಟ್ಟರು ಅದನ್ನು ಎಲ್ಲೂ ನಡೆಸಲಾರದೆ ದೇವರು ಮಾಡಿದ್ದಾರೆ. ಆಮೇಲೆ ತಲೆಮಾರಿನಿಂದ ತಲೆಮಾರಿಗೆ ನಾವು ಹೆಂಗಸರು ಭಕ್ತಿಯಿಂದ ತಿಕ್ಕಿ ತಿಕ್ಕಿ, ಆ ಕಳ್ಳನ ಗುಟ್ಟನ್ನು ಒಂದು ಕೂದಲೆಳೆಯಷ್ಟಾಗಿ ಹೊರಗೆ ತಂದಿದ್ದೇವೆ. ಕೊನೆಯ ಪದರು ಹೋದದ್ದು ನನ್ನ ಪೊರೆ ಬಂದ ಕಣ್ಣಿನ ಮುಂದೆಯೇ, ನನ್ನ ಕೈಯಲ್ಲೇ ಇರಬೇಕು. ವಸಂತಿಯ ಕೈಗೆ ಹೋಗುವಾಗಲೇ ಸಿಂಹ ಕೆಂಪಾಗಿತ್ತು.

ಹಾಗಾದರೆ... ಸ್ಟಿಯರಿಂಗ್ ಹಿಡಿದವಳು ಹಾಗೇ ಕೂತೆ. ಕೆಂಪು ಕಂಡ ವಸಂತಿ, ತನ್ನ ಮಗಳ ಆಫೀಸಿಗೆ ಹತ್ತಿರದ ಈ ಅಂಗಡಿಗೇ ಬಂದು, ಅರ್ಧ ವಾಕ್ಯ ಕೇಳಿ ಓಡಿದ ವಸಂತಿ, ಏನೆಂದು ತಿಳಿದುಕೊಂಡಿರುತ್ತಾಳೆ? ಅತ್ತಿಗೆ ಬದಲಾಯಿಸಿದಳು ಎಂದು! ನನ್ನನ್ನು! ಐದು ತಿಂಗಳಿಂದ ಅವಳನ್ನು ಕಳ್ಳಿ ಮಾಡಿಟ್ಟಿದ್ದ ನನಗೆ ಆ ಪಾರ್ಕಿಂಗ್ ಲಾಟಿನಲ್ಲಿ ಬಂದ ಸಿಟ್ಟು ನೋಡಬೇಕಿತ್ತು. ಇಷ್ಟು ವರ್ಷ ನೋಡಿದವಳು ನನ್ನ ಮೇಲೆ ಹೇಗೆ ಅನುಮಾನಪಟ್ಟಳು?

ಮರುದಿನ ಬರ್ಲಿಂಗ್ಟನ್ನಿಗೆ ಗೋ ಟ್ರೈನು, ಎಂದರೆ ಇಲ್ಲಿಯ ಲೋಕಲ್ ರೈಲು, ಹತ್ತಿದೆ. ಬಿಸ್ಕತ್ತಿನ ಡಬ್ಬಿ ತೊಡೆಯ ಮೇಲೆ. ಉಣ್ಣೆಯ ಕೋಟು ಮೈಮೇಲೆ. ಚಳಿಗೆ ಸ್ವಾಭಿಮಾನ ಗೊತ್ತಾಗುವುದಿಲ್ಲ. ವಸಂತಿಯ ಗಂಡ ಮಾಲಿಗೆ ವಾಕಿಂಗ್ ಹೋಗಿದ್ದರು. ಅವಳು ಒಬ್ಬಳೇ, ಒಗ್ಗರಣೆಗೆ ಎಣ್ಣೆ ಇಟ್ಟಿದ್ದಳು.

"ಯೂನಿಯನ್‌ವಿಲ್ಲಿಗೆ ಹೋಗಿದ್ದೆ," ಎಂದೆ.

ಸೌಟು ನಿಂತಿತು. "ಎಂತಕ್ಕೆ?"

"ನೀನು ಹೋದದ್ದು ಎಂತಕ್ಕೋ, ಅದಕ್ಕೇ."

"ಆ ಮುದುಕ ನನ್ನ ಹೆಸರು ಹೇಳಿದನಾ?"

"ಹೆಸರಿಲ್ಲ. ಕೆಂಪು ಕೋಟು, ಮೂಗಲ್ಲಿ ಡೈಮಂಡ್ ಅಂದ."

"ಡೈಮಂಡಂತೆ! ಅಮೆರಿಕನ್ ಡೈಮಂಡ್," ಎಂದು ಮೂಗು ಮುಟ್ಟಿಕೊಂಡಳು. "ಇದೂ ಡೂಪ್ಲಿಕೇಟೇ." ಆಮೇಲೆ ಒಲೆ ಆರಿಸಿ, ನನ್ನ ಎದುರು ಕುರ್ಚಿ ಎಳೆದು ಕೂತಳು. ಅವಳ ದನಿ ಇಳಿಯಿತು. "ನೀವು ಎಂತದ್ದೂ ಹೇಳೋದು ಬೇಡ ಅತ್ತಿಗೆ. ನಾನು ಯಾರಿಗೂ ಹೇಳಲಿಲ್ಲ. ಇವರಿಗೂ ಹೇಳಲಿಲ್ಲ, ಮಗಳಿಗೂ ಇಲ್ಲ. ಅಣ್ಣ ಮಲಗಿದಲ್ಲೇ ಇದ್ದಾಗ ಮನೆಗೆ ನರ್ಸ್ ಇಟ್ಟುಕೊಂಡಿದ್ರಿ, ಆಮೇಲೆ ನಿಮ್ಮ ಒಬ್ಬರ ಪೆನ್ಶನ್ನು. ಮಾರಿದ್ರೆ ಮಾರಿದ್ರಿ. ಮನೆಯ ದೇವರಲ್ವಾ, ಮನೆಯವರ ಕಷ್ಟಕ್ಕೆ ಆದ."

"ಆ ಕುಚ್ಚಿಲಕ್ಕಿ?" ಎಂದೆ.

"ನಿಮಗೆ ತಾಪತ್ರಯ ಇರಬಹುದು ಅಂತ."

"ಈ ಕೋಟು?"

"ಅದು ಸೇಲಲ್ಲಿ ಅಲ್ಲ," ಎಂದಳು, ಮೇಜಿನ ಮೇಲಿನ ಇಲ್ಲದ ಕಲೆಯನ್ನು ಒರೆಸುತ್ತ. "ಫುಲ್ ಪ್ರೈಸ್."

ಅಲ್ಲಿಗೆ ನನಗೊಂದು ದಾರಿ ತೆರೆದಿತ್ತು. ನಾಣ್ಯ ಹಿಂದಿನಿಂದಲೂ ಹೀಗೇ ಇತ್ತಂತೆ ಎಂಬ ವಾಕ್ಯದ ಉಳಿದರ್ಧ ಹೇಳಿ, ಪಾಪ, ಏನೂ ತಪ್ಪಿಲ್ಲದವಳು ಎನ್ನಿಸಿಕೊಂಡು, ಅವಳಿಂದಲೇ ಕ್ಷಮೆ ಕೇಳಿಸಿಕೊಂಡು ಎದ್ದು ಬರಬಹುದಿತ್ತು. ನನ್ನ ಐದು ತಿಂಗಳ ಅನುಮಾನ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರೊಮೇನಿಯಾದ ಮುದುಕ ಹೇಳಿದ್ದನ್ನೆಲ್ಲ ಮೊದಲು ಹೇಳಿದೆ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ಹೇಳಿದೆ, "ನಾನು ನೀನು ಕದ್ದದ್ದು ಅಂದ್ಕೊಂಡಿದ್ದೆ, ವಸಂತಿ. ಮೇ ತಿಂಗಳಿಂದ."

"ನಾನಾ?"

"ನೀನು."

"ಅಕ್ಕಿ ತಂದದ್ದಕ್ಕಾ?"

"ಅಕ್ಕಿ ತಂದದ್ದಕ್ಕೇ."

ಅವಳು ಎದ್ದು ಹೋಗಿ ಸಿಂಕಿನ ನಲ್ಲಿ ಬಿಟ್ಟಳು, ನಿಲ್ಲಿಸಿದಳು. ನನ್ನ ಕಡೆ ಬೆನ್ನು. "ಎಷ್ಟಕ್ಕೆ ಮಾರಿದೆ ಅಂತ ಅಂದಾಜು ಮಾಡಿದ್ರಿ?"

"ನಾಲ್ಕು ಸಾವಿರ."

"ಅಷ್ಟೇಯಾ?" ಥಟ್ಟನೆ ತಿರುಗಿದಳು. "ನೀವು ಹತ್ತು ಸಾವಿರಕ್ಕೆ ಮಾರಿದ್ರಿ ಅಂತ ನಾನು ಅಂದ್ಕೊಂಡಿದ್ದೆ! ನನ್ನನ್ನು ಅಷ್ಟು ಪೆದ್ದಿ ಮಾಡಿದ್ರಾ?" ನಗು ಬಂತು ಎಂದುಕೊಂಡೆ, ಅವಳ ಕಣ್ಣು ನೋಡಿದರೆ ನಗುವಾಗಿರಲಿಲ್ಲ. "ಒಂದು ಮಾತು ಕೇಳಬಹುದಿತ್ತಲ್ಲ, ಅತ್ತಿಗೆ."

"ನೀನೂ ಕೇಳಬಹುದಿತ್ತು."

"ನಾನು ಕೇಳಿದ್ರೆ ನೀವು ಪುನಃ ಈ ಮನೆಗೆ ಬರ್ತಿರ್ಲಿಲ್ಲ."

ಅವಳು ನನ್ನನ್ನು ಕಳ್ಳಿ ಎಂದು ನಂಬಿಕೊಂಡೇ ಅಕ್ಕಿ ಹೊತ್ತು ತಂದಳು. ನಾನು ಅವಳನ್ನು ಕಳ್ಳಿ ಎಂದು ನಂಬಿಕೊಂಡು ಅಕ್ಕಿಯನ್ನು ಸಾಕ್ಷಿಯ ಪಟ್ಟಿಗೆ ಸೇರಿಸಿದೆ. ಇಬ್ಬರ ಅನುಮಾನವೂ ಒಂದೇ ತೂಕ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಊಟವಾಯಿತು. ಸಾರಿಗೆ ಉಪ್ಪು ಹಾಕಲು ಮರೆತಿದ್ದಳು, ನಾನು ಹೇಳಲಿಲ್ಲ. ಇನ್ನು ದೇವರಿಗೆ ಹುಳಿ ಬೇಡ, ಬರೀ ನೀರು ಸಾಕು ಎಂದು ತೀರ್ಮಾನ ಮಾಡಿದೆವು. ಪೂಜೆ ಬಿಡುವುದಾ ಎಂದು ನಾನು ಕೇಳಿದ್ದಕ್ಕೆ ವಸಂತಿ, "ಇಷ್ಟು ವರ್ಷ ತಾಮ್ರವೇ ಕಾಪಾಡಿದ್ದಲ್ವಾ? ಈಗ ಬಿಟ್ಟರೆ ಬೆಳ್ಳಿಯ ದೇವರು ಬಂದು ನೋಡಿಕೊಳ್ತಾರಾ?" ಎಂದಳು. ಮುಂದಿನ ಮೇ ತನಕ ನನ್ನ ಪಾಳಿ. ಅವಳೇ ಪಟ್ಟೆಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ನನ್ನನ್ನು ಸ್ಟೇಷನ್ನಿಗೆ ಬಿಟ್ಟಳು. ಕಾರಿನಲ್ಲಿ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು, ಪರಿಚಯವಿಲ್ಲದವರ ಹಾಗೆ.

ರೈಲು ಹೊರಟಿತು. ಮುಂದಿನ ಸ್ಟೇಷನ್ನು ಆಪಲ್‌ಬಿ ದಾಟುವವರೆಗೆ ಕೈಕಟ್ಟಿ ಕೂತಿದ್ದೆ. ಆಮೇಲೆ ಡಬ್ಬಿ ತೆರೆದು, ಬಟ್ಟೆ ಬಿಚ್ಚಿ, ಸಿಂಹವನ್ನು ನೋಡಿ, ತಿರುಗಿಸಿ ಗಂಡಸನ್ನೂ ನೋಡಿ, ಪುನಃ ಸುತ್ತುತ್ತಿದ್ದಾಗ ಫೋನು ಬಂತು.

"ಅತ್ತಿಗೆ, ಸೀಟು ಸಿಕ್ಕಿತಾ?"

"ಸಿಕ್ಕಿತು."

"ಬಟ್ಟೆ ಬಿಚ್ಚಿ ನೋಡಿದ್ರಾ?"

ಸುಳ್ಳು ಹೇಳಲು ಬಾಯಿ ತೆರೆದೆ. "ನೋಡಿದೆ," ಎಂದೆ.

"ನೀವು ವಾಶ್‌ರೂಮಿಗೆ ಹೋದಾಗ ನಾನೂ ನೋಡಿದೆ. ಕಳೆದ ವರ್ಷ ಆ ಮುದುಕನ ಅಂಗಡಿಯಿಂದ ಬಂದ ಮೇಲೆ, ಅಂಚಿನಲ್ಲಿ ಸೂಜಿಯಿಂದ ಒಂದು ಗೀರು ಹಾಕಿಟ್ಟಿದ್ದೆ. ನೀವು ಪುನಃ ಬದಲಾಯಿಸಿದ್ರೆ ಗೊತ್ತಾಗ್ಲಿ ಅಂತ."

"ಗೀರು ಉಂಟಾ?"

"ಉಂಟು. ಬಾಲದ ಹತ್ತಿರ. ನೋಡಿ."

ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನ ತುಂಬ ನೂರಾರು ವರ್ಷದ ಗೀರುಗಳು. ಅದರಲ್ಲಿ ಅವಳದ್ದು ಯಾವುದು?

"ಸಿಕ್ಕಿತಾ?"

"ಇರು ಮಾರಾಯ್ತಿ, ಹುಡುಕ್ತಾ ಇದ್ದೇನೆ."

ಓಕ್‌ವಿಲ್ ಬಂದರೂ ಸಿಕ್ಕಿರಲಿಲ್ಲ. ಅವಳು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.